ಇಲಿ ಆರಿಸಿದ ಹಡಗು

ಬಂದರಿನ ಹಳೆಯ ಉಗ್ರಾಣವನ್ನು ಕೆಡವಿದರು. ಅಲ್ಲಿದ್ದ ತಾಯಿ ಇಲಿ ತನ್ನ ಒಂದೇ ಮರಿಗೆ ಬೇರೆ ನೆಲೆ ಹುಡುಕಬೇಕಾಯಿತು. ದಡದ ಮರಳಿನ ಮೇಲೆ ದೊಡ್ಡ ಹಾಯಿಹಡಗು ನಿಂತಿತ್ತು. ಪಕ್ಕದ ನೀರಿನಲ್ಲಿ ಸಣ್ಣ ಮೋಟಾರು ದೋಣಿ ಇತ್ತು.

"ನಿನ್ನೊಳಗೆ ನೀರು ಬರುತ್ತದೆಯೇ?" ಎಂದು ಇಲಿ ದೋಣಿಯನ್ನು ಕೇಳಿತು.

"ಸ್ವಲ್ಪ ಬರುತ್ತದೆ ತಾಯಿ. ದಿನವೂ ಮೊಗೆದು ಚೆಲ್ಲುತ್ತಾರೆ."

"ಸ್ವಲ್ಪವೆಂದು ನೀನೇ ಒಪ್ಪಿದ ಮೇಲೆ, ಬಚ್ಚಿಟ್ಟದ್ದು ಎಷ್ಟಿದೆಯೋ!" ಎಂದು ಇಲಿ ಹಡಗಿನ ಬಳಿ ಹೋಯಿತು.

"ನನ್ನೊಳಗೆ ವರ್ಷದಿಂದ ಒಂದು ಹನಿಯೂ ಬಂದಿಲ್ಲ. ಬೇಕಾದರೆ ಮುಟ್ಟಿ ನೋಡು," ಎಂದಿತು ಹಡಗು.

ಇಲಿ ಒಂದೊಂದು ಹಲಗೆಯನ್ನೂ ಮೂಸಿತು. ಎಲ್ಲವೂ ಒಣಗಿತ್ತು. ಮರಿಯನ್ನು ತಂದು ಹಡಗಿನ ತಳದಲ್ಲಿ ಮಲಗಿಸಿತು.

ಬಿಸಿಲಿಗೆ ಒಣಗಿದ ಹಲಗೆಗಳು ಸಂದು ಬಿಟ್ಟಿದ್ದವು. ಅವಸರದ ಯಜಮಾನ ಸಂದು ತುಂಬಿಸದೆಯೇ ಹಡಗನ್ನು ನೀರಿಗೆ ಇಳಿಸಿದ. ನಾಲ್ಕೂ ಕಡೆಯಿಂದ ನೀರು ನುಗ್ಗಿತು. ಇಲಿ ಮರಿಯನ್ನು ಕಚ್ಚಿಕೊಂಡು ಈಜಿ ದೋಣಿಯ ಹಗ್ಗ ಹಿಡಿಯಿತು.

"ಬೇಗ ಮೇಲೆ ಬಾ ತಾಯಿ, ಮರಿ ನಡುಗುತ್ತಿದೆ," ಎಂದಿತು ದೋಣಿ.

ಇಲಿ ಹತ್ತಿ ಬಂದು ಮರಿಯನ್ನು ಕೆಳಗಿಟ್ಟಿತು. ಆಮೇಲೆ ಓರೆಗಣ್ಣಿನಿಂದ ನೋಡುತ್ತ ಕೇಳಿತು:

"ಇಷ್ಟು ಸಲೀಸಾಗಿ ಕರೆಯುತ್ತೀಯಲ್ಲ, ಇದರಲ್ಲಿ ನಿನಗೇನು ಲಾಭ?"