ಕಂಬದ ಜಾಗದಲ್ಲಿ ನಿಲ್ಲುವವಳು

ದಾನೇಶ್ವರಿಗೆ ಫೋಟೋದ ಹುಚ್ಚು. ಅದೂ ಅಂತಿಂಥ ಹುಚ್ಚಲ್ಲ. ಒಲೆಯ ಮೇಲೆ ಹಾಲು ಉಕ್ಕಿದರೆ ಇಳಿಸುವ ಬದಲು ಅದು ಉಕ್ಕುವುದನ್ನೇ ಕ್ಲಿಕ್ಕಿಸಿ, ಆಮೇಲೆ ತಾಯಿಯಿಂದ ಬೈಸಿಕೊಳ್ಳುವಂಥ ಹುಚ್ಚು. ಘಟಪ್ರಭೆಯ ದಂಡೆಯ ಮೇಲೆ ನೇಕಾರರದೊಂದು ಊರು. ಅಲ್ಲಿ ತಾಯಿ ನೀಲವ್ವ ಮತ್ತು ಅವಳು, ಇಬ್ಬರೇ ಇರುವ ಮನೆ. ದಾನೇಶ್ವರಿಗೆ ಬೆಳಿಗ್ಗೆ ಮಗ್ಗದ ಕೆಲಸ, ಮಧ್ಯಾಹ್ನದ ಮೇಲೆ ದಸ್ತಗೀರ್‌ಸಾಬರ ಸ್ಟುಡಿಯೋದಲ್ಲಿ ಕಲಿಕೆ. ದಸ್ತಗೀರ್‌ಸಾಬರು ರೀಲು ಹಾಕುವ ಕಾಲದಿಂದ ಊರಿನ ಮದುವೆ, ನಾಮಕರಣಗಳನ್ನೆಲ್ಲ ತೆಗೆದ ಮುದುಕರು. ಊರಿಗೆಲ್ಲ ಅವರು ಮಾಸ್ತರು.

ಕಲಿಯುವುದರಲ್ಲಿ ದಾನೇಶ್ವರಿ ಬಲು ಚುರುಕು. ಎಷ್ಟು ಬೆಳಕು ಒಳಗೆ ಬಿಡಬೇಕು, ಓಡುವುದನ್ನು ಚಿತ್ರದಲ್ಲಿ ನಿಲ್ಲಿಸುವುದು ಹೇಗೆ, ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವುದು ಹೇಗೆ, ಎಲ್ಲ ಆರೇ ತಿಂಗಳಲ್ಲಿ ಕರಗತವಾಯಿತು. ಅದರಲ್ಲೂ ಹಿಂದೆ ಇರುವುದನ್ನೆಲ್ಲ ಮಸುಕು ಮಾಡಿ, ಎದುರಿಗಿರುವುದನ್ನಷ್ಟೇ ಥಳಥಳ ಹೊಳೆಯಿಸುವುದೆಂದರೆ ಅವಳಿಗೆ ಪಂಚಪ್ರಾಣ. ಗೆಳತಿಯರು ಮೊಬೈಲಿನಲ್ಲಿ ನೋಡಿ ಸೂಪರ್ ಎನ್ನುತ್ತಿದ್ದರು. ಮಾಸ್ತರು ಮಾತ್ರ ನೋಡಿ, "ಹೂಂ" ಎಂದು ಪಕ್ಕಕ್ಕಿಡುತ್ತಿದ್ದರು. ಆ "ಹೂಂ" ಕೇಳಿದ ದಿನ ಹುಡುಗಿಗೆ ಊಟ ಸೇರುತ್ತಿರಲಿಲ್ಲ.

ಅವಳಿಗೆ ಇನ್ನೊಂದು ಸಂಕಟವೂ ಇತ್ತು. ಅದು ಇದಕ್ಕಿಂತ ಹಳೆಯದು. ಅವಳಿಗೊಬ್ಬ ಅಕ್ಕ, ಕಸ್ತೂರಿ. ನಾಲ್ಕು ವರ್ಷದ ಹಿಂದೆ ಬೇರೆ ಜಾತಿಯ ಹುಡುಗನನ್ನು ಮೆಚ್ಚಿ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದವಳು. "ಇನ್ನ ಈ ಮನ್ಯಾಗ ಆಕೀ ಹೆಸರು ಎತ್ತಬ್ಯಾಡ. ನನಗ ಒಬ್ಬಾಕೀನ ಮಗಳು" ಎಂದು ಅಂದು ಬಾಗಿಲು ಹಾಕಿಕೊಂಡ ನೀಲವ್ವ ಇಂದಿಗೂ ಹಟ ಬಿಟ್ಟಿರಲಿಲ್ಲ. ಗೋಡೆಯ ಮೇಲಿನ ಫೋಟೋ ಇಳಿಯಿತು, ಪೆಟ್ಟಿಗೆಯಲ್ಲಿದ್ದ ಸೀರೆಗಳು ಯಾರ್ಯಾರದೋ ಪಾಲಾದವು. ಅಕ್ಕನ ಗುರುತು ಒಂದೂ ಉಳಿಯಲಿಲ್ಲ.

ಅಕ್ಕನ ನಂಬರು ಮಾತ್ರ ದಾನೇಶ್ವರಿಯ ಫೋನಿನಲ್ಲಿತ್ತು. ವಾಟ್ಸಾಪಿನಲ್ಲಿ ಅಕ್ಕನ ಮುಖದ ಬದಲು ಒಂದು ದಾಸವಾಳ ಹೂವಿನ ಚಿತ್ರ. ಅದು ಅಕ್ಕನ ಅಂಗಳದ್ದೇ ಇರಬಹುದೇ ಎಂದು ಅದನ್ನೇ ದೊಡ್ಡದು ಮಾಡಿ ಮಾಡಿ ನೋಡುವಳು. ಕರೆ ಮಾಡಲು ಧೈರ್ಯ ಬಾರದು. ತಾಯಿಗೆ ಗೊತ್ತಾದರೆ ತಾನೂ ಎರವಾಗುವೆನೆಂಬ ಭಯ. ಅಕ್ಕ ಒಮ್ಮೆ ಮನೆಗೆ ಬರಬೇಕು, ಮೂವರೂ ಒಟ್ಟಿಗೆ ಕೂತು ಉಣ್ಣಬೇಕು. ಅವಳ ಆಸೆ ಇಷ್ಟೇ ಇತ್ತು, ಮತ್ತು ಅದನ್ನು ಹೇಳಿಕೊಳ್ಳಲು ಅವಳಿಗೆ ಯಾರೂ ಇರಲಿಲ್ಲ.

ಒಂದು ದಿನ ಅವಳು ತಾಳಲಾರದೆ ಕೇಳಿಯೇಬಿಟ್ಟಳು. "ಮಾಸ್ತರ, ನನ್ನ ಫೋಟೋದಾಗ ಏನ ತಪ್ಪೈತಿ ಹೇಳಿಬಿಡ್ರಿ."

"ತಪ್ಪೇನೂ ಇಲ್ಲ ಮಗಳ. ಕೈ ಪಳಗೈತಿ. ಕಣ್ಣಿಗೆ ಇನ್ನೂ ಹಸಿವು ಆಗಿಲ್ಲ" ಎಂದರು ಮಾಸ್ತರು. "ಒಂದು ಕೆಲಸ ಮಾಡು. ಮಾನೌಮಿ ಹಬ್ಬದ ಒಳಗ ನನಗ ಒಂದ ಫೋಟೋ ತಂದು ಕೊಡು. ಅದರಾಗ, ಅಲ್ಲಿ ಇಲ್ಲದ ಮನಷ್ಯಾ ಕಾಣಬೇಕು."

"ಇಲ್ಲದವರು ಹೆಂಗ ಕಾಣತಾರ್ರಿ?"

"ಅದನ್ನೂ ನಾನ ಹೇಳಿದ್ರ, ನಿನ್ನ ಕ್ಯಾಮೆರಾನೂ ನಾನ ಇಟಗೊಳ್ಳಲೇನು?"

ದಾನೇಶ್ವರಿ ಸ್ಟುಡಿಯೋದ ಖಾಲಿ ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆಳೆದು ಇನ್ನೂರು ಸಲ ಕ್ಲಿಕ್ಕಿಸಿದಳು. ಅದರಲ್ಲೊಂದನ್ನು ಆರಿಸಿ, ತಿದ್ದಿ ತೀಡಿ ತಂದಳು. ಮಾಸ್ತರು ನೋಡಿ, "ಕುರ್ಚಿ ಛಂದ ಬಂದೈತಿ. ಯಾರದಿದು?" ಎಂದರು.

"ಯಾರದೂ ಅಲ್ರಿ. ಸ್ಟುಡಿಯೋದ್ದು."

"ಮತ್ತ ಯಾರ ಇಲ್ಲ ಅಂತ ನಾ ತಿಳಕೋಬೇಕು?"

ಎರಡನೆಯ ಸಲ ಅವಳು ಕಂಪ್ಯೂಟರಿನ ಮೊರೆಹೋದಳು. ಗೆಳತಿಯನ್ನು ಓಣಿಯಲ್ಲಿ ನಿಲ್ಲಿಸಿ ಒಂದು ಚಿತ್ರ, ನಿಲ್ಲಿಸದೆ ಒಂದು ಚಿತ್ರ. ಎರಡನ್ನೂ ಬೆಸೆದು, ಗೆಳತಿ ಅರ್ಧ ಮಾಯವಾದಂತೆ ಮಾಡಿದಳು. ಎರಡು ದಿನದ ಕೆಲಸ. ಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಲ್ಲದವರನ್ನ ತೋರಸು ಅಂದೆ, ದೆವ್ವಾ ತೋರಸು ಅಂದೇನೇನು?"

ಹುಡುಗಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳು ಬಂತು. ಮಾಸ್ತರು ನಗು ನಿಲ್ಲಿಸಿ, ಕನ್ನಡಕ ತೆಗೆದು ಒರೆಸುತ್ತ ಮೆಲ್ಲಗೆ ಕೇಳಿದರು. "ದಾನವ್ವಾ, ನಿನಗ ಯಾರ ನೆನಪ ಭಾಳ ಆಗತೈತಿ?"

ನಾಲ್ಕು ವರ್ಷ ಮನೆಯಲ್ಲಿ ಎತ್ತದ ಹೆಸರು ಹೊರಗೆ ಬರುವುದಾದರೂ ಹೇಗೆ? ಮಾಸ್ತರು ಒತ್ತಾಯ ಮಾಡಲಿಲ್ಲ. "ಹೆಸರು ಬ್ಯಾಡ ಬಿಡು. ಅವರು ಇದ್ದಾಗ ಎಲ್ಲಿ ನಿಂದರತಿದ್ರು, ಏನ ಮಾಡತಿದ್ರು, ಈಗ ಆ ಕೆಲಸ ಹೆಂಗ ನಡದೈತಿ, ಅದನ್ನ ನೋಡು. ಕ್ಯಾಮೆರಾ ಆಮ್ಯಾಲೆ ಎತ್ತಿದ್ರ ನಡೀತೈತಿ" ಎಂದರು.

ಎಂಟು ದಿನ ಅವಳು ಕ್ಯಾಮೆರಾ ಮುಟ್ಟದೆ ಮನೆಯೆಲ್ಲ ನೋಡಿದಳು. ಅಕ್ಕ ಮಾಡುತ್ತಿದ್ದ ಕೆಲಸಗಳನ್ನೆಲ್ಲ ತಾಯಿ ತಾನೇ ವಹಿಸಿಕೊಂಡು ಎಲ್ಲಿಯೂ ಸಂದು ಬಿಟ್ಟಿರಲಿಲ್ಲ. ಅಕ್ಕನಿಲ್ಲದೆ ಈ ಮನೆಗೆ ಏನೂ ಕೊರತೆಯಾಗಿಲ್ಲವೇ ಎಂದು ಅವಳಿಗೆ ಎದೆ ಭಾರವಾಯಿತು.

ಅಷ್ಟರಲ್ಲಿ ಮಾನೌಮಿ ಹತ್ತಿರ ಬಂತು. ಹಬ್ಬಕ್ಕೆ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಹೊಳೆ ಕಾಣಬೇಕು, ಅದು ಆ ಕಡೆಯ ರೂಢಿ. ಹೊಳೆಯ ದಂಡೆಯಲ್ಲಿ ಹೆಂಗಸರ ಸಂತೆಯೇ ನೆರೆಯಿತು. ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಕೌದಿ ತೊಳೆಯುವುದು. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಹೊದಿಕೆ ಅದು. ನೀರು ಕುಡಿದರೆ ಎಮ್ಮೆಯ ಭಾರ. ಅದನ್ನು ಹಿಂಡಲು ಇಬ್ಬರು ಬೇಕು. ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು, ಜಗ್ಗಿ ಹಿಡಿದು ತಿರುವಬೇಕು.

ನೀಲವ್ವ ನೆನೆದ ಕೌದಿಯನ್ನು ಎಳೆದುಕೊಂಡು ದಂಡೆಯ ಕಲ್ಲಿನ ಕಂಬದ ಹತ್ತಿರ ಹೋದಳು. ಕೌದಿಯನ್ನು ಕಂಬಕ್ಕೆ ಬಳಸಿ, ಎರಡೂ ತುದಿಗಳನ್ನು ತಾನೇ ಹಿಡಿದು ಒಬ್ಬಳೇ ತಿರುವತೊಡಗಿದಳು. ನಾಲ್ಕು ವರ್ಷದಿಂದ ಅವಳು ಹಿಂಡುತ್ತಿದ್ದದ್ದು ಹೀಗೆಯೇ. ದಾನೇಶ್ವರಿಯ ಕಣ್ಣೆದುರಿಗೇ ನಡೆದರೂ ಲಕ್ಷ್ಯಕ್ಕೆ ಬಂದಿರಲಿಲ್ಲ. ಇಂದು ನೋಡಿದೊಡನೆ ಓಡಿಹೋದಳು.

"ಯವ್ವಾ, ನಾ ಒಂದ ಕಡೆ ಹಿಡೀತೀನಿ ಕೊಡು."

"ಸರಿ ಆಚೆ. ನೀ ತಿರುವಿದ್ರ ಹಿಂಡಿದ್ದೆಲ್ಲಾ ಬಿಚ್ಚತೈತಿ. ಆಕಿ ಹಿಡದ್ರ..."

ನೀಲವ್ವನ ಮಾತು ಅಲ್ಲಿಗೇ ತುಂಡಾಯಿತು. ಅವಳು ಮಗಳ ಕಡೆ ನೋಡಲಿಲ್ಲ. ತುಟಿ ಬಿಗಿದು ಮತ್ತೆ ಕಂಬದ ಕಡೆ ತಿರುಗಿ ಮೊದಲಿಗಿಂತ ಜೋರಾಗಿ ತಿರುವಿದಳು.

ಹಾಗಾದರೆ ಅವ್ವನಿಗೂ ಅಕ್ಕ ಬೇಕು! ಈ ಕೊರತೆಯನ್ನು ಯಾರಿಗೂ ಮುಟ್ಟಗೊಡದೆ ಅವ್ವ ತಾನೊಬ್ಬಳೇ ಹೊರುತ್ತಿದ್ದಾಳೆ. ಅವಳು ಮನೆಗೆ ಓಡಿ ಕ್ಯಾಮೆರಾ ತಂದಳು.

ರೂಢಿಯಂತೆ ಮೊದಲು ಹತ್ತಿರ ಹೋಗಿ ತಾಯಿಯ ಕೈಗಳನ್ನು ತೆಗೆದಳು. ಸೋರುವ ಹನಿಗಳು ಮುತ್ತಿನಂತೆ ಹೊಳೆದವು, ಹಿಂದಿನದೆಲ್ಲ ಮಸುಕು. ಚಿತ್ರವೇನೋ ಚೆಂದ. ಆದರೆ ಅದರಲ್ಲಿ ಕೈಗಳಿದ್ದವು, ಅಕ್ಕ ಇರಲಿಲ್ಲ. ಎಲ್ಲಿ ತಪ್ಪಿತು ಎಂದು ತಲೆ ಎತ್ತಿ ಸುತ್ತ ನೋಡಿದಳು. ದಂಡೆಯ ಉದ್ದಕ್ಕೂ ಇಬ್ಬಿಬ್ಬರು ಹೆಂಗಸರು. ಅತ್ತೆ ಸೊಸೆ, ತಾಯಿ ಮಗಳು, ಓರಗಿತ್ತಿಯರು. ತಾನು ಮಸುಕು ಮಾಡಿದ್ದು ಇವರನ್ನೇ! ಇವರು ಕಂಡರೆ ತಾನೇ ಅವ್ವನ ಎದುರಿಗೆ ಯಾರಿಲ್ಲ ಎಂಬುದು ಕಾಣುವುದು?

ಅವಳು ದಂಡೆಯ ಪಾವಟಿಗೆ ಮೆಟ್ಟಿಲುಗಳನ್ನು ಹತ್ತಿ ದೂರ ಸರಿದಳು. ದೂರದ್ದೂ ಹತ್ತಿರದ್ದೂ ಒಂದೇ ಸಮ ನಿಚ್ಚಳ ಬರುವಂತೆ ಕ್ಯಾಮೆರಾದ ಕಣ್ಣನ್ನು ಕಿರಿದು ಮಾಡಿದಳು. ಎಡಕ್ಕೆ ಇಬ್ಬರು, ಬಲಕ್ಕೆ ಇಬ್ಬರು, ಆಚೆ ಮತ್ತಿಬ್ಬರು. ನಡುವೆ ಅವ್ವ ಮತ್ತು ಕಲ್ಲಿನ ಕಂಬ. ಅವ್ವ ಕಾಲೂರಿ ಹಿಂದಕ್ಕೆ ವಾಲಿ ಜಗ್ಗುವವರೆಗೆ ಕಾದಳು. ಮೂರೇ ಸಲ ಒತ್ತಿದಳು. ನಾಲ್ಕನೆಯದಕ್ಕೆ ಕಣ್ಣು ತುಂಬಿ ಏನೂ ಕಾಣಲಿಲ್ಲ.

ಮಾಸ್ತರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಹೂಂ" ಎನ್ನಲಿಲ್ಲ. "ಈ ಕಂಬದ ಜಾಗಾದಾಗ ನಿಂದರಾಕಿ ಯಾರು?" ಎಂದು ಕೇಳಿದರು.

"ನಮ್ಮಕ್ಕರಿ. ಕಸ್ತೂರಕ್ಕ" ಎಂದಳು ದಾನೇಶ್ವರಿ, ಬಿಕ್ಕುತ್ತ.

"ಕಾಣಾಕತ್ತಾಳ ಮಗಳ. ನನಗ ಕಾಣಾಕತ್ತಾಳ." ಮಾಸ್ತರು ತಾವೇ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಅವಳ ಕೈಗಿತ್ತರು. "ನನ್ನ ಪರೀಕ್ಷೆ ಮುಗೀತು. ಇನ್ನ ಇದನ್ನ ನಿಮ್ಮವ್ವಗ ತೋರಸು."

"ಬೈತಾಳ್ರಿ."

"ಬೈಲಿ. ಮೊದಲ ನೋಡಲಿ."

ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳು ಚಿತ್ರವನ್ನು ಮುಂದಿಟ್ಟಳು. ನೀಲವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿಕೊಂಡಳು. ಅವಳ ಬೆರಳು ಎಡಗಡೆಯ ಜೋಡಿಯ ಮೇಲೆ ಹೋಯಿತು, ಬಲಗಡೆಯ ಜೋಡಿಯ ಮೇಲೆ ಹೋಯಿತು. ಕೊನೆಗೆ ಕಂಬದ ಮೇಲೆ ಬಂದು ಅಲ್ಲೇ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆಯಾಡಿತು. ಇಬ್ಬರಿಗೂ ಅದರ ಖಬರಿರಲಿಲ್ಲ.

"ಫೋಟೋ ಬರೋಬ್ಬರಿ ಬಂದಿಲ್ಲ ದಾನಿ" ಎಂದಳು ನೀಲವ್ವ, ಕಡೆಗೊಮ್ಮೆ.

ದಾನೇಶ್ವರಿ ಚಿತ್ರವನ್ನು ಹಿಂದಕ್ಕೆ ತೆಗೆದುಕೊಳ್ಳಲು ಕೈ ಚಾಚಿದಳು.

"ಮತ್ತೊಮ್ಮೆ ತೆಗಿ." ತಾಯಿಯ ದನಿ ಒಡೆದಿತ್ತು. "ನಂಬರ ನಿನ್ನ ಕಡೆ ಇದ್ದ ಇರತೈತಿ, ಕಸ್ತೂರಿಗೆ ಫೋನ್ ಹಚ್ಚು. ದೊಡ್ಡ ಕೌದಿ ತೊಳೆಯೂದು ಇನ್ನೂ ಉಳದೈತಿ, ಬಾ ಅಂತ ಹೇಳು."

ನೀತಿ: ಕೈಚಳಕವನ್ನು ಆರು ತಿಂಗಳಲ್ಲಿ ಕಲಿಯಬಹುದು. ಏನನ್ನು ನೋಡಬೇಕು, ಏನನ್ನು ತೋರಿಸಬೇಕು ಎಂಬುದನ್ನು ನಮ್ಮ ಎದೆಯೊಳಗಿನ ಹಂಬಲವೇ ಕಲಿಸಬೇಕು. ಆ ಹಂಬಲವನ್ನು ಮುಚ್ಚಿಡದೆ ಅದು ಕೈತೋರಿದ ಕಡೆ ನೋಡಿದರೆ, ಕಲಿತ ವಿದ್ಯೆ ನಮಗೂ ನಮ್ಮವರಿಗೂ ಒದಗುತ್ತದೆ.