ಡಂಗುರದವನ ಬಾಗಿಲು

"ಗುರುಗಳೇ, ಒಂದು ಒಗಟು. ಊರನ್ನೆಲ್ಲ ಕರೆಯುವವನನ್ನು ಕರೆಯುವವರು ಯಾರು?"

ಮಠದಲ್ಲಿ ಊಟದ ಗಂಟೆ ಹೊಡೆಯುವ ಕೆಲಸ ನನ್ನದು. ಅವತ್ತು ಗಂಟೆ ಹೊಡೆದು, ಹಗ್ಗ ಸುತ್ತಿಟ್ಟು, ಕಾಲು ತೊಳೆದು ಪಂಕ್ತಿಗೆ ಬರುವಷ್ಟರಲ್ಲಿ ಪಾಯಸದ ಪಾತ್ರೆ ಬೋರಲಾಗಿತ್ತು. ಹಾಗಾಗಿ ಈ ಒಗಟು. ಗುರುಗಳು ಉತ್ತರದ ಬದಲು ಕತೆ ಹೇಳಿದರು.

ಒಂದು ಊರು. ಅದರ ನಡುವೆ ದೊಡ್ಡ ರಸ್ತೆ ಹಾಯಬೇಕಿತ್ತು. ಬಂದ ಅಧಿಕಾರಿ ಒಳ್ಳೆಯವನು. ಊರಿನವರನ್ನೆಲ್ಲ ಕೇಳದೆ ಒಂದು ಗೂಟವನ್ನೂ ನೆಡುವುದಿಲ್ಲ ಎಂದ. ಸಭೆಗೆ ಡಂಗುರ ಸಾರಿಸಿದ.

ಡಂಗುರದವನು ತಮಟೆ ಬಡಿಯುತ್ತಾ ಕೇರಿ ಕೇರಿ ಸುತ್ತಿ ಎಲ್ಲರನ್ನೂ ಕರೆದ. ತನ್ನ ಮನೆಯ ಮುಂದೆ ಮಾತ್ರ ಬಡಿಯಲಿಲ್ಲ. ಸ್ವಂತ ಬಾಗಿಲಲ್ಲಿ ಡಂಗುರ ಹೊಡೆದರೆ ಮನೆಗೆ ಕೇಡು ಎಂದು ಅವನ ಹಿರಿಯರು ನಂಬಿದ್ದರು. ಅವನು ಸಭೆಯಲ್ಲಿ ಕೂರುವ ಪದ್ಧತಿಯೂ ಇರಲಿಲ್ಲ. ತೀರ್ಮಾನವಾದ ಮೇಲೆ ಅದನ್ನು ಸಾರಬೇಕಲ್ಲ, ಅದಕ್ಕೆ ದೂರದಲ್ಲಿ ಹುಲ್ಲಿನ ಬೆಂಕಿಗೆ ತಮಟೆ ಕಾಯಿಸುತ್ತಾ ನಿಂತಿರಬೇಕು.

ಅಧಿಕಾರಿ ನಕ್ಷೆ ಹಾಸಿದ. ರಸ್ತೆಯ ಗೆರೆ ಒಬ್ಬ ವ್ಯಾಪಾರಿಯ ಅಂಗಡಿಯ ಮೇಲಿತ್ತು. ವ್ಯಾಪಾರಿ ಕೈಮುಗಿದ. ಅಧಿಕಾರಿ ಗೆರೆ ಸರಿಸಿದ. ಅದು ರೈತನ ಬಾವಿಗೆ ಬಂತು. ರೈತ ಅತ್ತ. ಮತ್ತೆ ಸರಿಸಿದ. ಹೀಗೆ ಸರಿದು ಸರಿದು ಗೆರೆ ಯಾರೂ ಬೇಡ ಅನ್ನದ ಜಾಗದಲ್ಲಿ ನಿಂತಿತು.

"ಇದು ಯಾರ ಮನೆ?" ಎಂದ ಅಧಿಕಾರಿ.

"ನಮ್ಮ ಡಂಗುರದವನದು ಸ್ವಾಮಿ," ಎಂದ ವ್ಯಾಪಾರಿ. "ಅವನದೇನೂ ತಕರಾರಿಲ್ಲ. ಇದ್ದಿದ್ದರೆ ಬಾಯಿ ಬಿಡುತ್ತಿರಲಿಲ್ಲವೇ? ಊರಿಗೆಲ್ಲ ಕೇಳುವಂಥ ಗಂಟಲು ಅವನದು."

ಸಭೆ ನಕ್ಕಿತು. ಎಲ್ಲರೂ ಕೈ ಎತ್ತಿದರು. ಅಲ್ಲಿಗೆ ಗೂಟ ಬಿತ್ತು.

ಹಿರಿಯನೊಬ್ಬ ಡಂಗುರದವನ ಬಳಿ ಹೋಗಿ, "ಬೇವಿನ ಮರದ ಬದಿಯ ಮನೆ ಅಮಾವಾಸ್ಯೆಯೊಳಗೆ ಖಾಲಿಯಾಗಬೇಕಂತೆ, ಸಾರಿ ಬಾರಪ್ಪ," ಎಂದ. ಬೇವಿನ ಮರದ ಬದಿಗಿದ್ದದ್ದು ಒಂದೇ ಮನೆ. ಡಂಗುರದವನು ತಮಟೆ ಹೆಗಲಿಗೇರಿಸಿದ. ಹೋಗಿ, ಹುಟ್ಟಿದ ಮೇಲೆ ಮೊದಲ ಸಲ ತನ್ನ ಬಾಗಿಲಲ್ಲಿ ನಿಂತು ತಮಟೆ ಬಡಿದ. ಹೆಂಡತಿ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದಳು.

"ರಸ್ತೆ ಯಾರ ಮನೆ ಮೇಲೆ ಬಂತಂತೆ?" ಎಂದಳು.

ಅವನು ಮತ್ತೆ ಬಡಿದ.

ಎಂದೂ ತಮಟೆ ಕೇಳದ ದಿಕ್ಕಿನಿಂದ ತಮಟೆ ಕೇಳಿ ಊರು ಬೆಚ್ಚಿತು. ವ್ಯಾಪಾರಿ ಓಡಿಬಂದ. ರೈತ ಓಡಿಬಂದ. ನಮ್ಮೆಲ್ಲರದೂ ಸ್ವಲ್ಪ ಸ್ವಲ್ಪ ಹೋಗಲಿ ಎಂದು ಎಲ್ಲರೂ ಸೇರಿ ಗೂಟ ಕಿತ್ತರು. ಮನೆ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು.

"ಸದ್ಯ," ಎಂದೆ ನಾನು. "ಹಾಗಾದರೆ ನಾಳೆ ನನಗೂ ಪಾಯಸ ಎತ್ತಿಡುತ್ತಾರೆ ಬಿಡಿ."

ಗುರುಗಳು ನನ್ನ ತಲೆ ಸವರಿದರು.

"ನಿನಗೆ ಪಾಯಸ ಸಿಕ್ಕಿರಲಿಲ್ಲವಲ್ಲ ಮಗು, ಅದಕ್ಕೆ ಊರಿನವರು ಓಡಿಬಂದರು ಅನ್ನುವುದನ್ನು ನಾನೇ ಸೇರಿಸಿ ಹೇಳಿದೆ."