ಆನೆಮರಿ ದಾಟಿಸಲು ಹೋದ ತಾಂಡೇಲ

ಸಮುದ್ರದ ನೀರು ಈಗಿನಷ್ಟು ಉಪ್ಪಾಗಿರದ ಕಾಲ. ಆಗ ಒಂದಾನೊಂದು ಊರಿತ್ತಂತೆ. ಊರಿನ ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು, ಎರಡೂ ಸೇರುವ ಅಳಿವೆ ಬಾಯಲ್ಲಿ ರಾಜನ ಸುಂಕದ ಚೌಕಿ. ಆ ಊರಲ್ಲಿ ಮಂಕಾಳಿ ಅಂತ ಒಬ್ಬ ತಾಂಡೇಲ. ತಾಂಡೇಲ ಅಂದ್ರೆ ಗೊತ್ತಲ್ಲ, ದೋಣಿಗೆ ಯಜಮಾನ. ಅವನು ಹಾಯಿ ಬಿಚ್ಚಿ ಅಂದ್ರೆ ಬಿಚ್ಚಬೇಕು, ಬಲೆ ಬಿಡಿ ಅಂದ್ರೆ ಬಿಡಬೇಕು. ಎಂಟು ಜನ ಹುಟ್ಟು ಹಾಕುವ ದೋಣಿ ಅವನದು. ಹೆಂಡತಿ ಹೊಸಬಿ ತಲೆ ಮೇಲೆ ಮೀನು ಬುಟ್ಟಿ ಹೊತ್ತು ಏಳು ಕೇರಿ ತಿರುಗಿ ಬರೋಳು. ಅವಳು ಕೂಗಿದರೆ ಎಂಟನೇ ಕೇರಿಗೂ ಕೇಳಿಸ್ತಿತ್ತಂತೆ.

ಹೀಗಿರುವಾಗ ಕಡಲಿಗೆ ಏನಾಯಿತೋ, ಮೀನು ಬರೋದು ನಿಂತುಹೋಯಿತು. ಒಂದು ವರ್ಷ ಇಲ್ಲ, ಎರಡು ವರ್ಷ ಇಲ್ಲ, ಮೂರು ವರ್ಷವೂ ಇಲ್ಲ. ಬಲೆ ಎಳೆದರೆ ಪಾಚಿ, ಇನ್ನೊಂದ್ಸಲ ಎಳೆದರೆ ಮತ್ತೂ ಪಾಚಿ. ಹುಟ್ಟು ಹಾಕುವ ಎಂಟು ಜನರೂ ಒಬ್ಬೊಬ್ಬರಾಗಿ ಮಣ್ಣು ಹೊರಲು ಹೋದರು. ಮಂಕಾಳಿ ಮಾತ್ರ ಗಾಳಿ ಇದ್ದ ದಿನ ಒಬ್ಬನೇ ಹಾಯಿ ಬಿಟ್ಟು ಹೋಗೋದು, ಬರಿಗೈಲಿ ಬರೋದು. ಹೊಸಬಿ ಗೆಣಸು ಬೇಯಿಸಿ ಅವನ ಮುಂದೆ ಇಟ್ಟು, "ಇವತ್ತು ಈ ಗೆಣಸೇ ಇಶಾಣ ಮೀನು ಅಂದ್ಕೊಳ್ಳಿ" ಅನ್ನೋಳು. ಇಬ್ಬರೂ ನಗೋರು. ನಕ್ಕರೆ ಹೊಟ್ಟೆ ತುಂಬ್ತದಾ? ತುಂಬೋದಿಲ್ಲ.

ಒಂದು ದಿನ ಅವನ ದೋಣಿ ಹತ್ತಿರ ಏಳುಮಡಿ ಸಾಹುಕಾರ ಬಂದನಂತೆ. ಒಂದಕ್ಕೆ ತಂದು ಏಳಕ್ಕೆ ಮಾರುವವನು, ಅದಕ್ಕೇ ಆ ಹೆಸರು. ಬಂದವನು ಬೆಲ್ಲದಂಥ ಮಾತಲ್ಲಿ ಹೇಳಿದ.

"ತಾಂಡೇಲ, ದ್ವೀಪದ ಹಿಂದೆ ಪರದೇಶದ ಹಡಗು ನಿಂತಿದೆ. ನಾಲ್ಕು ಮೂಟೆ ಮೆಣಸು ಅಲ್ಲಿಗೆ ಮುಟ್ಟಿಸು. ಮೇಲೆ ನನ್ನ ಉಗ್ರಾಣದ ಹಳೇ ಒಣಮೀನು ಹರಡಿದ್ರೆ ಚೌಕಿಯಲ್ಲಿ ಯಾರೂ ನೋಡೋದಿಲ್ಲ. ನಿನಗೆ ಒಂದು ಮೂಟೆ ಅಕ್ಕಿ."

ಮಂಕಾಳಿಗೆ ಗೆಣಸಿನ ನೆನಪಾಯಿತು. ಹೂಂ ಅಂದುಬಿಟ್ಟ.

ಚೌಕಿಯಲ್ಲಿ ಪರಮಯ್ಯ ಅಂತ ಒಬ್ಬ ಮುದುಕ ಕೂತಿರ್ತಿದ್ದ. ಮೂವತ್ತು ವರ್ಷದಿಂದ ಅಲ್ಲೇ ಕೂತು ಹೋಗುವ ಬರುವ ದೋಣಿಗಳನ್ನು ನೋಡ್ತಿದ್ದವನು. ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಕೇಳಿದ.

"ಎಂತದು ಮಂಕಾಳಿ?"

"ಒಣಮೀನು ಒಡೆಯರೇ. ದ್ವೀಪದವರಿಗೆ ಮಾರಲಿಕ್ಕೆ."

"ಮೀನಿಲ್ಲದ ಕಾಲದಲ್ಲೂ ನೀನೊಬ್ಬ ಕಡಲಿಗೆ ಹೋಗ್ತಿದ್ದೀಯಲ್ಲ," ಅಂತ ಪರಮಯ್ಯ ತನ್ನ ಬುತ್ತಿಯಿಂದಲೇ ಎರಡು ಹಿಡಿ ಅವಲಕ್ಕಿ ತೆಗೆದು ಕೊಟ್ಟನಂತೆ. ಮಂಕಾಳಿ ಅದನ್ನು ತಿನ್ನದೆ ಪಂಚೆಯ ತುದಿಗೆ ಗಂಟು ಹಾಕಿಕೊಂಡ.

ಮನೆಗೆ ಅಕ್ಕಿ ಬಂತು. ಹೊಸಬಿ ಮೂಟೆಯನ್ನೂ ನೋಡಿದಳು, ಗಂಡನ ಮುಖವನ್ನೂ ನೋಡಿದಳು. "ಈ ಅಕ್ಕಿ ಯಾವ ಬಲೆಗೆ ಬಿತ್ತು?" ಅಂತ ಕೇಳಿದಳು. ಅವನು ಬಲೆ ಸರಿಮಾಡಲು ಅಂಗಳಕ್ಕೆ ಹೋದ. ಅವಳು ಆ ದಿನ ಅನ್ನ ಮಾಡಿದಳು, ಆದರೆ ಏನೂ ತಮಾಷೆ ಮಾಡಲಿಲ್ಲ.

ವಾರ ಕಳೆದು ಸಾಹುಕಾರ ಮತ್ತೆ ಬಂದ. ಈ ಸಲ ರೇಷ್ಮೆ. "ನನ್ನ ಕೈಲಾಗೋದಿಲ್ಲ ಸಾಹುಕಾರ್ರೇ" ಅಂದ ಮಂಕಾಳಿ. ಸಾಹುಕಾರ ನಕ್ಕ. "ಒಂದ್ಸಲ ಸುಂಕ ತಪ್ಪಿಸಿದವನು ಕಳ್ಳನೇ ತಾಂಡೇಲ. ನಾನು ರಾಜನ ಹತ್ತಿರ ಬಾಯಿ ಬಿಟ್ಟರೆ ನಿನ್ನ ಗತಿ ಏನು? ಸುಮ್ಮನೆ ಹೋಗಿ ಬಾ, ಹೊಸ ಬಲೆ ಕೊಡ್ತೇನೆ." ಮಂಕಾಳಿ ಹೋಗಿ ಬಂದ. ಹೊಸ ಬಲೆ ಬಂತು. ಅದನ್ನು ಬಿಚ್ಚಿ ನೋಡುವ ಮನಸ್ಸೂ ಅವನಿಗೆ ಬರಲಿಲ್ಲವಂತೆ.

ಮೂರನೇ ಸಲ ಸಾಹುಕಾರ ಬೆಳಗಾಗುತ್ತಲೇ ಬಂದು, ಹೊಳೆಯ ಹಿನ್ನೀರಲ್ಲಿ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಮರೆಗೆ ಕರೆದುಕೊಂಡು ಹೋದ. ಅಲ್ಲಿ ನೋಡಿದರೆ ಒಂದು ಆನೆಮರಿ. ರಾಜನ ಪಟ್ಟದಾನೆಯ ಮರಿ. ಮುಖದ ಮೇಲೆ ಗೋಣಿಚೀಲ ಕಟ್ಟಿತ್ತು.

ಮಂಕಾಳಿ ಎರಡು ಹೆಜ್ಜೆ ಹಿಂದೆ ಸರಿದ. "ಇದನ್ನು ದೋಣಿಯಲ್ಲಾ?"

"ದೋಣಿಯಲ್ಲೇ. ಪರದೇಶದವರು ಕಾಯ್ತಿದ್ದಾರೆ. ಇದೊಂದು ಮುಟ್ಟಿಸು, ಹೊಸ ದೋಣಿ ಮಾಡಿಸಿ ಕೊಡ್ತೇನೆ. ಇಲ್ಲ ಅಂದ್ರೆ ಮರಿ ಕದ್ದವನು ನೀನೇ ಅಂತ ಹೇಳ್ತೇನೆ."

ಆನೆಮರಿ ಹೊತ್ತ ದೋಣಿ ಬರೀ ಹಾಯಿಗೆ ಅಲ್ಲಾಡ್ತದಾ? ಇನ್ನೊಬ್ಬರು ಹುಟ್ಟು ಹಾಕಲೇಬೇಕು. ಮಂಕಾಳಿ ಮನೆಗೆ ಹೋಗಿ ಹೊಸಬಿಯ ಮುಂದೆ ಕೂತು ಮೆಣಸು, ರೇಷ್ಮೆ, ಆನೆಮರಿ ಎಲ್ಲಾ ಹೇಳಿದ. ಅವಳು ಬೈಯಲಿಲ್ಲ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ನಡೀರಿ, ನಾನೂ ಬರ್ತೇನೆ" ಅಂದಳು. ಆ ಊರಲ್ಲಿ ಹೆಂಗಸರು ದೋಣಿ ಹತ್ತಿದ್ದು ಅದೇ ಮೊದಲಂತೆ.

ಮರಿಯನ್ನು ಮಲಗಿಸಿ, ಮೇಲೆ ಹಳೇ ಹಾಯಿ, ಅದರ ಮೇಲೆ ಬಲೆ, ಅದರ ಮೇಲೆ ಒಣಮೀನು. ದೋಣಿಯ ಅಂಚು ನೀರಿಗೆ ನಾಲ್ಕು ಬೆರಳಷ್ಟೇ ಮೇಲಿತ್ತು. ಚೌಕಿ ಮುಂದೆ ಬಂದರು.

ಪರಮಯ್ಯನ ಮುಖ ಬಾಡಿತ್ತು. "ಮಂಕಾಳಿ, ಪಟ್ಟದಾನೆಯ ಮರಿ ಕಾಣೆಯಾಗಿದೆಯಂತೆ. ತಾಯಿ ಹುಲ್ಲು ಮುಟ್ಟುತ್ತಿಲ್ಲವಂತೆ. ಅಳಿವೆ ದಾಟಿ ಹೋದದ್ದು ಗೊತ್ತಾದರೆ ಚೌಕಿಯವನಿಗೆ ದೇಶಾಂತರ ಅಂತ ಡಂಗುರ ಹೊಡೆಸಿದ್ದಾರೆ. ಈ ವಯಸ್ಸಲ್ಲಿ ನಾನು ಯಾವ ದೇಶಕ್ಕೆ ಹೋಗಲಿ?" ಅಂದವನು ದೋಣಿಯಲ್ಲಿದ್ದ ಒಣಮೀನಿನ ಗುಡ್ಡೆಯ ಕಡೆ ನೋಡಿದ. "ಎಂತ ಇದು, ಬಲೆ ಉಸಿರಾಡಿದ ಹಾಗೆ ಕಾಣ್ತದೆ?"

"ಗಾಳಿ ಒಡೆಯರೇ, ಒಳಗೆ ಗಾಳಿ ಹೊಕ್ಕಿದೆ," ಅಂದ ಮಂಕಾಳಿ. ಅಷ್ಟರಲ್ಲಿ ಗಾಳಿ ಒಂದ್ಸಲ ಗಟ್ಟಿಯಾಗಿ ಸೀನಿತು. ಹೊಸಬಿ ಥಟ್ಟನೆ ಮೂಗು ಒರೆಸಿಕೊಂಡು, "ನನಗೆ ಶೀತ" ಅಂದಳು. ಪರಮಯ್ಯ ಪಾಪ, "ಶುಂಠಿ ಕಷಾಯ ಕುಡಿ ತಾಯಿ" ಅಂದು ದೋಣಿ ಬಿಟ್ಟ.

ದೋಣಿ ಕಡಲಿಗೆ ಇಳಿಯಿತು. ಮೂರು ಅಲೆ ದಾಟಿತು, ಆರು ಅಲೆ ದಾಟಿತು. ದಡ ಸಣ್ಣದಾಯಿತು. ಇನ್ನು ಯಾರೂ ನೋಡೋದಿಲ್ಲ ಅಂತ ಮಂಕಾಳಿ ಹೊದಿಸಿದ್ದ ಹಳೇ ಹಾಯಿ ಸರಿಸಿ, ಮರಿಯ ಮುಖದ ಗೋಣಿ ಬಿಚ್ಚಿದ. ಆ ಕಾಲದಲ್ಲಿ ಪ್ರಾಣಿಗಳಿಗೂ ಮಾತು ಬರ್ತಿತ್ತಲ್ಲ, ಮರಿ ಎದ್ದು ಕೂತು ಸುತ್ತ ನೋಡಿ ಕೇಳಿತಂತೆ.

"ಮಾಮ, ಇದು ಯಾವ ಕೆರೆ?"

"ಕೆರೆಯಲ್ಲ ಮಗು, ಕಡಲು."

"ಇದರ ಆಚೆ ದಡ ಎಲ್ಲಿ?"

"ತುಂಬಾ ದೂರ."

"ಅಮ್ಮ ಆ ದಡದಲ್ಲಿದ್ದಾಳೆ ಅಂತ ಬೆಲ್ಲದ ಮಾಮ ಹೇಳಿದ. ಅಷ್ಟು ದೂರ ಅವಳು ಹೇಗೆ ಹೋದಳು? ಅವಳಿಗೆ ಈಜಲಿಕ್ಕೆ ಹೆದರಿಕೆ."

ಮಂಕಾಳಿ ದೋಣಿ ತಿರುಗಿಸುವ ಸುಕ್ಕಾಣು ಬಿಟ್ಟು ಕೂತ. ಮೂರು ವರ್ಷದ ಹಸಿವಿಗೂ ಕಣ್ಣೀರು ಹಾಕದವನು ಅವತ್ತು ಅತ್ತನಂತೆ. ಆಮೇಲೆ ಮುಖ ಒರೆಸಿಕೊಂಡು ಸುಕ್ಕಾಣು ತಿರುಗಿಸಿದ. "ಹೊಸಬಿ, ನಾನು ವಾಪಸು ಹೋಗ್ತೇನೆ. ಏನಾದರೂ ಆಗಲಿ."

"ಸದ್ಯ," ಅಂದಳು ಹೊಸಬಿ. "ಅಳಿವೆ ದಾಟಿದ ಮೇಲೆ ನಾನು ಹುಟ್ಟು ಹಾಕೇ ಇಲ್ಲ. ಹೊಳೆಯ ಸೆಳವಿಗೇ ದೋಣಿ ಇಷ್ಟು ದೂರ ಬಂತು, ನಾನು ಸುಮ್ಮನೆ ನೀರಲ್ಲಿ ಆಡಿಸ್ತಿದ್ದೆ. ನೀವು ಯಾವಾಗ ತಿರುಗಿಸ್ತೀರಿ ಅಂತ ಕಾಯ್ತಾ ಇದ್ದೆ."

ಈಗ ಅವಳು ಹುಟ್ಟು ಹಾಕಿದಳು ನೋಡಿ, ಎಂಟು ಜನ ಹಾಕಿದ ಹಾಗೆ. ದೋಣಿ ಹಾರಿಕೊಂಡು ಬಂತು. ಆನೆಮರಿ ಮುಂದೆ ನಿಂತು ಸೊಂಡಿಲಲ್ಲಿ ಕಡಲ ನೀರು ಹೀರಿ, "ಥೂ, ಉಪ್ಪು" ಅಂತ ಇಬ್ಬರ ಮೇಲೂ ಉಗುಳ್ತಾ ಬಂತಂತೆ.

ಚೌಕಿಯಲ್ಲಿ ದೋಣಿ ಕಟ್ಟಿ ಮಂಕಾಳಿ ಪರಮಯ್ಯನ ಮುಂದೆ ನಿಂತ. "ಮೊದಲ ಸಲ ಮೀನಿನ ಕೆಳಗೆ ಮೆಣಸಿತ್ತು. ಎರಡನೇ ಸಲ ರೇಷ್ಮೆ. ಇವತ್ತು ಇದು. ಮೂರು ಸಲವೂ ನಿಮಗೆ ಸುಳ್ಳು ಹೇಳಿದೆ."

ಪರಮಯ್ಯ ಆನೆಮರಿ ನೋಡಿದ, ತಾಂಡೇಲನನ್ನು ನೋಡಿದ. ಆಮೇಲೆ ರುಮಾಲು ಸುತ್ತಿಕೊಂಡು, "ನಡಿ, ರಾಜನ ಹತ್ತಿರ ಹೋಗೋಣ. ಹೇಳೋದನ್ನೆಲ್ಲ ಅಲ್ಲೂ ಹೀಗೇ ಹೇಳು" ಅಂದ.

ಮಂಕಾಳಿ ಹೇಳಿದ. ಒಂದನ್ನೂ ಬಿಡಲಿಲ್ಲ. ರಾಜ ಸಾಹುಕಾರನನ್ನು ಕರೆಸಿದ. ಅವನು ಬಂದು ಕೈ ಮುಗಿದು ನಿಂತ. "ಮಹಾಸ್ವಾಮಿ, ಈ ಮರಿಯನ್ನು ನಾನು ಕಣ್ಣಲ್ಲೂ ಕಂಡವನಲ್ಲ. ಈ ತಾಂಡೇಲನೇ ಕದ್ದು, ಹೆದರಿ ತಂದಿದ್ದಾನೆ."

ರಾಜ ಮರಿಯನ್ನೇ ಕೇಳಿದ. "ನಿನ್ನನ್ನು ಯಾರು ಕರೆದುಕೊಂಡು ಹೋದದ್ದು?"

"ಬೆಲ್ಲದ ಮಾಮ. ಮುಖ ನೋಡಿಲ್ಲ, ನನ್ನ ಕಣ್ಣಿಗೆ ಗೋಣಿ ಹಾಕಿದ್ದ."

"ನೋಡಿದಿರಾ ಮಹಾಸ್ವಾಮಿ, ಇಲ್ಲಿ ಬೆಲ್ಲದ ಮಾಮ ಅಂತ ಯಾರೂ ಇಲ್ಲ," ಅಂದ ಸಾಹುಕಾರ.

ಆಗ ಹೊಸಬಿ ಮುಂದೆ ಬಂದಳು. "ಮಹಾಸ್ವಾಮಿ, ಮುಖ ಕಾಣದಿದ್ದರೂ ಬೆಲ್ಲ ಕೊಟ್ಟ ಕೈಯ ವಾಸನೆ ಮಕ್ಕಳಿಗೆ ಮರೆಯೋದಿಲ್ಲ. ಮರಿಯ ಹಗ್ಗ ಬಿಚ್ಚಿಸಿ."

ಹಗ್ಗ ಬಿಚ್ಚಿದರು. ಮರಿ ಮಂತ್ರಿಯನ್ನು ಮೂಸಿತು, ಬೇಡ ಅಂತ ಬಿಟ್ಟಿತು. ಸೇನಾಪತಿಯನ್ನು ಮೂಸಿತು, ಬಿಟ್ಟಿತು. ನೇರ ಸಾಹುಕಾರನ ಹತ್ತಿರ ಹೋಗಿ ಅವನ ಸೊಂಟಕ್ಕೆ ಸೊಂಡಿಲು ಹಾಕಿ ತಡಕಿತು. ಸಾಹುಕಾರನಿಗೆ ಕಚಗುಳಿ ತಡೆಯೋದಿಲ್ಲ. ಒಮ್ಮೆ ಕಿಸಕ್ಕಂದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಉರುಳಾಡಿದ. ಮರಿ ಬಿಡಲಿಲ್ಲ. "ಬಿಡಿಸಿ, ಬಿಡಿಸಿ, ನಾನೇ, ನಾನೇ ಕದ್ದದ್ದು," ಅಂತ ನಗ್ತಾ ನಗ್ತಾ ಒಪ್ಪಿಕೊಂಡನಂತೆ. ಸೊಂಟದ ಚೀಲದಿಂದ ಬೆಲ್ಲದ ಉಂಡೆ ಹೊರಗೆ ಬಂತು. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಮರಿ ಉಂಡೆ ಬಾಯಿಗೆ ಹಾಕಿಕೊಂಡು ಅಮ್ಮನ ಹತ್ತಿರ ಓಡಿತು.

ರಾಜ ಸಾಹುಕಾರನಿಗೆ ಹೇಳಿದ, "ಇವತ್ತಿಂದ ಪಟ್ಟದಾನೆಗೆ ಮೂರು ಹೊತ್ತೂ ನೀನೇ ಹುಲ್ಲು ಹೊರು. ಅವಳ ಮನಸ್ಸು ತಣ್ಣಗಾಗುವವರೆಗೆ." ಮಂಕಾಳಿಗೆ ಹೇಳಿದ, "ಒಂದು ವರ್ಷ ಅರಮನೆಯ ಉಪ್ಪಿನ ಮೂಟೆಗಳನ್ನು ಕೂಲಿ ಇಲ್ಲದೆ ಸಾಗಿಸು. ನಿನಗೂ ನಿನ್ನ ಹುಟ್ಟಿನವರಿಗೂ ಊಟ ಅರಮನೆಯದು." ಊಟ ಅಂದ ಕೂಡಲೇ ಎಂಟು ಜನರೂ ಮಣ್ಣಿನ ಬುಟ್ಟಿ ಬಿಸಾಡಿ ಓಡಿ ಬಂದರಂತೆ.

ರಾಜ ಕಡೆಗೆ ಪರಮಯ್ಯನ ಕಡೆ ತಿರುಗಿದ. "ಮೂರು ಸಲ ಮೋಸ ಹೋದವನು ನೀನು. ನೀನೊಂದು ಶಿಕ್ಷೆ ಹೇಳು."

ಪರಮಯ್ಯ ಗಡ್ಡ ನೀವಿಕೊಂಡ. "ಮೂವತ್ತು ವರ್ಷ ಅಳಿವೆ ಬಾಯಲ್ಲಿ ಕೂತು ದೋಣಿ ಹೋಗೋದು ನೋಡಿದೆ ಮಹಾಸ್ವಾಮಿ. ಆಚೆ ಏನಿದೆ ಅಂತ ಒಂದು ದಿನವೂ ನೋಡಿಲ್ಲ. ಇವನು ನನ್ನನ್ನು ಕಡಲಿಗೆ ಕರೆದುಕೊಂಡು ಹೋಗಬೇಕು."

ಮಾರನೇ ದಿನವೇ ಹೊರಟರು. ಎಂಟು ಜನ ಹುಟ್ಟಿಗೆ, ಮಂಕಾಳಿ ಸುಕ್ಕಾಣಿಗೆ, ಪರಮಯ್ಯ ನಡುವೆ ರಾಜನ ಹಾಗೆ. ಮೂರು ಅಲೆ ದಾಟುವಷ್ಟರಲ್ಲಿ ಈ ಮುದುಕ ರಾಜನ ಹೊಟ್ಟೆ ತೊಳಸಿತು. ದೋಣಿಯ ಅಂಚಿಗೆ ಬಾಗಿ ಬೆಳಗಿನ ಗಂಜಿಯನ್ನೆಲ್ಲ ಕಡಲಿಗೆ ಕೊಟ್ಟ. ಹಾಗೇ ಬಾಗಿಕೊಂಡೇ ಕೇಳಿದ.

"ಮಂಕಾಳಿ, ನೀರು ಇಲ್ಲಿ ಯಾಕೆ ನೇರಳೆ ಹಣ್ಣಿನ ಬಣ್ಣ ಇದೆ? ಕಡಲಲ್ಲಿ ಎಲ್ಲಾ ಕಡೆ ಹೀಗೇನಾ?"

ಮಂಕಾಳಿ ಎದ್ದು ನೋಡಿದ. ನೀರಿನ ಬಣ್ಣವಲ್ಲ ಅದು. ಬಂಗಡೆ. ಬೆನ್ನಿಗೆ ಬೆನ್ನು ತಾಗಿಸಿಕೊಂಡು ಸಾವಿರ ಸಾವಿರ ಬಂಗಡೆ. ಕೈ ಮಾಡಿ ಎಲ್ಲರಿಗೂ ತೋರಿಸಿದ. ಬಲೆ ಬಿಟ್ಟರು, ಎಳೆದರು, ಮತ್ತೆ ಬಿಟ್ಟರು, ಮತ್ತೆ ಎಳೆದರು. ಪರಮಯ್ಯನೂ ವಾಂತಿ ಮರೆತು ಕಚ್ಚೆ ಬಿಗಿದು ಹಗ್ಗ ಹಿಡಿದ. ಒಂದು ಬಂಗಡೆ ಅವನ ರುಮಾಲಿನೊಳಗೇ ಹಾರಿ ಬಿತ್ತಂತೆ.

ಆ ದಿನ ಹೊಸಬಿಯ ಕೂಗು ಹದಿನೆಂಟು ಕೇರಿಗೂ ಕೇಳಿಸಿತು. ಊರಿನ ಯಾವ ಒಲೆಯೂ ತಣ್ಣಗಿರಲಿಲ್ಲ, ಯಾವ ಅಂಗಳದಲ್ಲೂ ಬೆಕ್ಕು ಹಸಿದಿರಲಿಲ್ಲ. ಪರಮಯ್ಯ ಮೂರು ಸಲ ಸಾರು ಬಡಿಸಿಕೊಂಡು, ಇನ್ನೊಂದು ಶಿಕ್ಷೆ ಕೊಡಬೇಕಿತ್ತು ಅಂತ ತೇಗಿದನಂತೆ.

ಅವರು ಆ ದಡದಲ್ಲಿ ಬಂಗಡೆ ಸಾರು ಉಂಡು ಕೈ ತೊಳೆದರು. ನಾವು ಈ ದಡದಲ್ಲಿ ಕಥೆ ಮುಗಿಸಿ ಚಾಪೆ ಮಡಚಿದೆವು.